23 ದಿನದಿಂದ ಬರೀ ಹಸಿ ಆಹಾರ: ರಾತ್ರಿ ಹಸಿವು ತಡೆಯಲಾಗುತ್ತಿಲ್ಲ, ಜೊತೆಗೆ ಯಾರೂ ಇಲ್ಲ

ಪ್ರಶ್ನೆ | ಆರಿದಒಲೆ

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ, ಶಾಲೆಯಲ್ಲಿ ಪಾಠ ಮಾಡುತ್ತೇನೆ. ಅಪ್ಪನಿಗೆ 52ಕ್ಕೇ ಹೃದಯಾಘಾತವಾಗಿತ್ತು. ಎರಡು ತಿಂಗಳ ಹಿಂದೆ ನನ್ನ ರಕ್ತಪರೀಕ್ಷೆಯಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 168 ಬಂತು. ವೈದ್ಯರು ಮೂರು ತಿಂಗಳು ಊಟ ಸರಿಮಾಡಿಕೊಂಡು ನೋಡಿ, ಮಾತ್ರೆಯ ಮಾತು ಆಮೇಲೆ ಅಂದರು. ಆ ಕಾಗದ ಕೈಯಲ್ಲಿ ಹಿಡಿದುಕೊಂಡು ಮನೆಗೆ ಬರುವಾಗ ಅಪ್ಪ ಕುಸಿದುಬಿದ್ದ ದಿನವೇ ಕಣ್ಣ ಮುಂದೆ ಬರುತ್ತಿತ್ತು.

ಪ್ರಾಣಿಮೂಲದ್ದು ಏನೂ ಬೇಡ, ಎಣ್ಣೆ ಬೇಡ, ಬೇಯಿಸಿದ್ದೂ ಬೇಡ ಎಂದು ಒಂದೇ ದಿನದಲ್ಲಿ ಬದಲಾಯಿಸಿದೆ. 80-10-10 ಅನ್ನುತ್ತಾರಲ್ಲ, ಕ್ಯಾಲರಿಯಲ್ಲಿ ನೂರಕ್ಕೆ 80 ಹಣ್ಣು-ತರಕಾರಿಯ ಕಾರ್ಬೋಹೈಡ್ರೇಟ್, ಪ್ರೋಟೀನ್ 10, ಕೊಬ್ಬು 10 ಮೀರಬಾರದು, ಅದೇ ನನ್ನ ಗುರಿ. ಬೆಳಿಗ್ಗೆ ಒಂದು ಬಟ್ಟಲು ಪಪ್ಪಾಯಿ, ಸುಮಾರು 300 ಗ್ರಾಂ. ಮಧ್ಯಾಹ್ನ ಲೆಟ್ಯೂಸ್, ಸೌತೆ, ಟೊಮೆಟೊ ತುಂಬಿದ ದೊಡ್ಡ ತಟ್ಟೆ, ಅದರ ಮೇಲೆ ಅರ್ಧ ಬೆಣ್ಣೆಹಣ್ಣು. ನಡುವೆ ಎರಡು ಸೇಬು. ಸಂಜೆ ಮೂರು ಬಾಳೆಹಣ್ಣು, ಒಂದು ಹಿಡಿ ಬಾದಾಮಿ. ಅಷ್ಟು ತಿಂದಾಗ ಹೊಟ್ಟೆ ಬಿಗಿಯುವಷ್ಟು ತುಂಬಿರುತ್ತದೆ. ಆದರೆ ರಾತ್ರಿ ಹನ್ನೊಂದಕ್ಕೆ ಕೈ ನಡುಗುವಷ್ಟು ಹಸಿವು. ಬೆರಳು ಸದಾ ತಣ್ಣಗಿರುತ್ತವೆ. 61 ಕಿಲೋ ಇದ್ದವಳು 57ಕ್ಕೆ ಬಂದಿದ್ದೇನೆ. ಮುಟ್ಟು 12 ದಿನ ತಡವಾಗಿದೆ.

ಇದೆಲ್ಲಕ್ಕಿಂತ ಕಷ್ಟ ಊಟದ ಮೇಜು. ಮನೆಯವರು ಅಡುಗೆ ಮಾಡಿ ಬಡಿಸುವಾಗ ನಾನು ನನ್ನ ಬಟ್ಟಲು ಹಿಡಿದು ಪಕ್ಕಕ್ಕೆ ಕೂರುತ್ತೇನೆ. "ನಾನು ಮಾಡಿದ್ದು ಈಗ ನಿನಗೆ ವಿಷವಾಯಿತಾ?" ಅಂದರು. ಒಂಬತ್ತು ವರ್ಷದ ಮಗ ನಿನ್ನೆ ರಾತ್ರಿ ಹೊದಿಕೆಯೊಳಗಿಂದ ಮೆಲ್ಲಗೆ ಕೇಳಿದ: "ಅಮ್ಮ, ನಿನಗೆ ಹುಷಾರಿಲ್ವಾ? ನನ್ನ ಹತ್ತಿರ ಮುಚ್ಚಿಡ್ತಿದ್ದೀಯಾ?" ನನಗೆ ಉತ್ತರ ಹೊಳೆಯಲಿಲ್ಲ.

ಇದನ್ನು ವರ್ಷಗಟ್ಟಲೆ ಮಾಡಿದವರು ಯಾರಾದರೂ ಇದ್ದೀರಾ? ತಪ್ಪು ಎಲ್ಲಾಗುತ್ತಿದೆ? ಮಾತಾಡಲು ಒಬ್ಬರಾದರೂ ಸಿಗುವುದು ಎಲ್ಲಿ?

ಉತ್ತರ 1 | ಚುಕ್ಕೆಬಾಳೆ

ನಾನು ಆರು ವರ್ಷದಿಂದ ಹೀಗೇ ತಿನ್ನುತ್ತಿದ್ದೇನೆ. ಮೊದಲ ಮಾತು: ಮುಟ್ಟು ತಡವಾಗಿರುವುದನ್ನು ಈ ವಾರವೇ ವೈದ್ಯರಿಗೆ ಹೇಳಿ. ಇನ್ನೊಂದು ತಿಂಗಳು ನೋಡೋಣ ಅನ್ನಬೇಡಿ.

ನಿಮ್ಮ ತಟ್ಟೆಯ ಲೆಕ್ಕ ಹಾಕಿದೆ. ಪಪ್ಪಾಯಿ 130 ಕ್ಯಾಲರಿ, ತರಕಾರಿ ತಟ್ಟೆ 100, ಸೇಬು ಎರಡಕ್ಕೆ 190, ಬಾಳೆಹಣ್ಣು ಮೂರಕ್ಕೆ 315, ಬಾದಾಮಿ 30 ಗ್ರಾಂ ಅಂದುಕೊಂಡರೆ 175, ಅರ್ಧ ಬೆಣ್ಣೆಹಣ್ಣು 160. ಕೂಡಿದರೆ ಸುಮಾರು 1070. ನಿಮ್ಮ ವಯಸ್ಸಿನ, ದಿನವಿಡೀ ನಿಂತು ಪಾಠ ಮಾಡುವ ಹೆಂಗಸಿಗೆ ಬೇಕಾದದ್ದರ ಹೆಚ್ಚುಕಡಿಮೆ ಅರ್ಧ ಇದು. ರಾತ್ರಿಯ ಹಸಿವು ನಿಮ್ಮ ಮನೋಬಲದ ಕೊರತೆಯಲ್ಲ. ದೇಹ ಇಲ್ಲದ್ದನ್ನು ಕೇಳುತ್ತಿದೆ, ಕೇಳುವುದು ಸರಿಯಾಗಿಯೇ ಇದೆ. ತಣ್ಣಗಿನ ಬೆರಳೂ ಅದೇ ಕಥೆ ಇರಬಹುದು. ಶಕ್ತಿ ಸಾಲದಾದಾಗ ದೇಹ ಮೊದಲು ಕಡಿತ ಮಾಡುವ ಬಾಬುಗಳಲ್ಲಿ ಮುಟ್ಟೂ ಒಂದು.

ಇನ್ನೊಂದನ್ನು ನೀವು ಗಮನಿಸಿಲ್ಲ. ಬಾದಾಮಿಯಲ್ಲಿ 15 ಗ್ರಾಂ ಕೊಬ್ಬು, ಬೆಣ್ಣೆಹಣ್ಣಿನಲ್ಲಿ 15, ಉಳಿದದ್ದರಲ್ಲಿ ಒಂದೆರಡು. ಒಟ್ಟು 32 ಗ್ರಾಂ. ಗ್ರಾಂಗೆ 9 ಕ್ಯಾಲರಿಯಂತೆ 288, ಅಂದರೆ ನೂರಕ್ಕೆ 27. ಕಡಿಮೆ ಕೊಬ್ಬು ಎಂದುಕೊಂಡು ತಿನ್ನುತ್ತಿರುವುದು ಕಡಿಮೆ ಕೊಬ್ಬಿನ ಊಟವೇ ಅಲ್ಲ, ಒಟ್ಟಾರೆ ಕಡಿಮೆ ಊಟ. 2000 ಕ್ಯಾಲರಿಯಲ್ಲಿ ನೂರಕ್ಕೆ 10 ಅಂದರೆ 22 ಗ್ರಾಂ. ಎರಡನ್ನೂ ಒಂದೇ ದಿನ ತಿನ್ನಲು ಅದರಲ್ಲಿ ಜಾಗವಿಲ್ಲ.

ಹೊಟ್ಟೆ ತುಂಬಿದ ಹಾಗೆ ಮಾಡಿ ಮೋಸ ಮಾಡುವುದು ಆ ಮಧ್ಯಾಹ್ನದ ತಟ್ಟೆ. ಒಂದು ಕಿಲೋ ಲೆಟ್ಯೂಸ್ ತಿಂದರೂ 150 ಕ್ಯಾಲರಿ. ಸೊಪ್ಪು ಬೇಕು, ಖನಿಜಕ್ಕೆ ಬೇಕು, ಆದರೆ ಹೊಟ್ಟೆ ಹೊರೆಯುವುದು ಸಿಹಿ ಹಣ್ಣೇ. ನನ್ನ ಸಾಧಾರಣ ದಿನ ಹೀಗಿರುತ್ತದೆ: ಹತ್ತು ಬಾಳೆಹಣ್ಣು, ಅರ್ಧ ಕಿಲೋ ಮಾವು ಅಥವಾ ಅಷ್ಟೇ ಕ್ಯಾಲರಿಯ ಬೇರೆ ಹಣ್ಣು, ಮೂರು ಕಿತ್ತಳೆ, ನಾಲ್ಕು ದೊಡ್ಡ ಖರ್ಜೂರ, 300 ಗ್ರಾಂ ಸೊಪ್ಪು, ಟೊಮೆಟೊ-ಸೌತೆ, ಒಂದು ದೊಡ್ಡ ಚಮಚ ಪುಡಿ ಮಾಡಿದ ಅಗಸೆಬೀಜ, ಹತ್ತು ಗ್ರಾಂ ಅಕ್ರೋಟು. ಸುಮಾರು 2000 ಕ್ಯಾಲರಿ, ಕೊಬ್ಬು 16-17 ಗ್ರಾಂ. ಹತ್ತು ಬಾಳೆಹಣ್ಣು ಎಂದರೆ ನಗುವವರಿದ್ದಾರೆ. ನಾನೂ ಮೊದಲು ಹೆದರಿದ್ದೆ. ನಿಮ್ಮ ನಾರಿನ ಪ್ರಮಾಣ ಒಮ್ಮೆಲೇ ಏರದಿರಲಿ, ಎರಡು-ಮೂರು ವಾರದಲ್ಲಿ ಹಂತಹಂತವಾಗಿ ಹೆಚ್ಚಿಸಿ. ಬಾಳೆಹಣ್ಣು ಸಿಪ್ಪೆಯ ಮೇಲೆ ಕಂದು ಚುಕ್ಕೆ ಬರುವವರೆಗೆ ಕಾಯಿರಿ. ಹಸಿರು ಬಾಳೆಯಲ್ಲಿ ಪಿಷ್ಟ ಹೆಚ್ಚು, ಮೊದಲ ತಿಂಗಳು ನನ್ನ ಹೊಟ್ಟೆ ಉಬ್ಬರಿಸಿ ನರಳಿದ್ದು ಅದರಿಂದಲೇ.

ಬಿ12 ಮಾತ್ರೆ ನಾಳೆಯಿಂದಲೇ. ಗಿಡಮೂಲದ ಊಟದಲ್ಲಿ ಅದು ಸಿಗುವುದಿಲ್ಲ, ಇದರಲ್ಲಿ ಚರ್ಚೆಯಿಲ್ಲ. ದಿನಕ್ಕೆ 50 ಮೈಕ್ರೋಗ್ರಾಂ, ಇಲ್ಲವೇ ವಾರಕ್ಕೊಮ್ಮೆ 2000. ಸ್ಪಿರುಲಿನಾ ಎಂಬ ಪಾಚಿಪುಡಿಯಲ್ಲಿ ಇರುವುದು ಬಹುಪಾಲು ನಮ್ಮ ದೇಹದ ಉಪಯೋಗಕ್ಕೆ ಬಾರದ ಹುಸಿ ಬಿ12. ಜೊತೆಗೆ ಡಿ ವಿಟಮಿನ್, ಅಯೋಡಿನ್ ಬಗ್ಗೆಯೂ ಕೇಳಿಕೊಳ್ಳಿ. ಉಪ್ಪು ಬಿಟ್ಟವರಿಗೆ ಅಯೋಡಿನ್ ಬರುವ ದಾರಿಯೇ ಮುಚ್ಚಿಹೋಗಬಹುದು, ದಿನಕ್ಕೆ 150 ಮೈಕ್ರೋಗ್ರಾಂ ಬೇಕು.

ಹಲ್ಲಿನ ವಿಷಯ ನನಗೆ ಯಾರೂ ಹೇಳಿರಲಿಲ್ಲ, ಎರಡು ಹಲ್ಲಿನ ಎನಾಮಲ್ ಸವೆದ ಮೇಲೆ ಗೊತ್ತಾಯಿತು. ದಿನವಿಡೀ ಒಂದೊಂದೇ ಹಣ್ಣು ಮೆಲ್ಲಬೇಡಿ, ಊಟದ ಹಾಗೆ ಒಂದೇ ಸಲಕ್ಕೆ ತಿಂದು ಮುಗಿಸಿ. ತಿಂದಮೇಲೆ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಹುಳಿ ಹಣ್ಣು ತಿಂದ ತಕ್ಷಣ ಹಲ್ಲುಜ್ಜಬೇಡಿ, ಅರ್ಧ-ಮುಕ್ಕಾಲು ಗಂಟೆ ಬಿಡಿ. ಖರ್ಜೂರ ಹಲ್ಲಿಗೆ ಅಂಟಿಕೊಳ್ಳುತ್ತದೆ, ನಿಗಾ ಇರಲಿ.

ಉತ್ತರ 2 | ಅರ್ಧದಾರಿ

ನಾನು 14 ತಿಂಗಳು ಮಾಡಿ ಬಿಟ್ಟವಳು. ಇಲ್ಲಿ ಬಿಟ್ಟವರ ಮಾತೂ ಇರಬೇಕು ಅಂತ ಬರೆಯುತ್ತಿದ್ದೇನೆ.

ಮೊದಲ ಐದು ತಿಂಗಳು ನನ್ನ ಬದುಕಿನ ಅತಿ ಹಗುರವಾದ ದಿನಗಳು, ಸುಳ್ಳು ಹೇಳುವುದಿಲ್ಲ. ಎಂಟನೇ ತಿಂಗಳಲ್ಲಿ ಮುಟ್ಟು ನಿಂತಿತು. ಹನ್ನೊಂದರಲ್ಲಿ ಅಂಗಾಲು ಜುಮ್ಮೆನ್ನಲು ಶುರು. ನಾನಿದ್ದ ಬಳಗದಲ್ಲಿ ಕೇಳಿದೆ. ಹಳೆಯ ವಿಷ ದೇಹದಿಂದ ಹೊರಹೋಗುತ್ತಿದೆ, ತಾಳಿಕೋ ಅಂದರು. ಮುಟ್ಟು ನಿಂತದ್ದಕ್ಕೂ ಅದೇ ಉತ್ತರ, ದೇಹ ಶುದ್ಧವಾದ ಗುರುತಂತೆ. ಮೂರು ತಿಂಗಳು ನಂಬಿದೆ. ಕೊನೆಗೆ ಪರೀಕ್ಷೆ ಮಾಡಿಸಿದಾಗ ಬಿ12 ತಳ ಕಂಡಿತ್ತು. ಸೊಪ್ಪಿನಿಂದ ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ ಧಾರಾಳವಾಗಿ ಬರುತ್ತಿದ್ದುದರಿಂದ ರಕ್ತಹೀನತೆ ಕಾಣಿಸಿಕೊಳ್ಳದೆ, ಮಾಮೂಲಿ ರಕ್ತದ ಎಣಿಕೆ ಚೆನ್ನಾಗಿಯೇ ಇತ್ತು. ನರಕ್ಕಾಗುತ್ತಿದ್ದ ಹಾನಿ ಅದರ ಹಿಂದೆ ಅಡಗಿ ಕೂತಿತ್ತು. ಎಡಗಾಲಿನ ಎರಡು ಬೆರಳಿಗೆ ಇವತ್ತಿಗೂ ಪೂರ್ತಿ ಸ್ಪರ್ಶ ಬಂದಿಲ್ಲ.

ಜರ್ಮನಿಯ ಗೀಸೆನ್‌ನಲ್ಲಿ ಹಸಿ ಆಹಾರದವರನ್ನೇ ಕೂಡಿಸಿ ಅಧ್ಯಯನ ಮಾಡಿದ್ದಾರೆ. 1999ರಲ್ಲಿ ಪ್ರಕಟವಾದದ್ದರಲ್ಲಿ 45 ವರ್ಷದೊಳಗಿನ ಹೆಂಗಸರಲ್ಲಿ ಸುಮಾರು ನೂರಕ್ಕೆ 30 ಮಂದಿಗೆ ಮುಟ್ಟು ಏರುಪೇರಾಗಿತ್ತು ಅಥವಾ ನಿಂತೇಹೋಗಿತ್ತು. 2005ರದ್ದರಲ್ಲಿ 201 ಜನರಲ್ಲಿ ನೂರಕ್ಕೆ 38ರಷ್ಟು ಮಂದಿಗೆ ಬಿ12 ಕೊರತೆ. ಅವರ ಎಲ್‌ಡಿಎಲ್ ಬಹುಮಟ್ಟಿಗೆ ಚೆನ್ನಾಗಿಯೇ ಇತ್ತು, ಆದರೆ ಒಳ್ಳೆಯ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ ಕೂಡ ಇಳಿದಿತ್ತು, ಹೆಚ್ಚಾದರೆ ಹೃದಯದ ಅಪಾಯದ ಗುರುತು ಎನ್ನುವ ಹೋಮೋಸಿಸ್ಟೀನ್ ರಕ್ತದಲ್ಲಿ ಏರಿತ್ತು. ಹೃದಯಕ್ಕೆಂದು ಈ ದಾರಿ ಹಿಡಿದ ನಿಮಗೆ ಈ ಕೊನೆಯ ಸಾಲು ಮುಖ್ಯ.

ಚುಕ್ಕೆಬಾಳೆಯವರ ಪಟ್ಟಿಯನ್ನೂ ಕೂಡಿಸಿ ನೋಡಿದೆ. ಅದರಲ್ಲಿ ಪ್ರೋಟೀನ್ 30-35 ಗ್ರಾಂ ಬರುತ್ತದೆ. 57 ಕಿಲೋ ತೂಕಕ್ಕೆ ಸುಮಾರು 46 ಗ್ರಾಂ ಬೇಕು. ಆಕ್ಷೇಪಣೆಗಾಗಿ ಹೇಳುತ್ತಿಲ್ಲ, ನಾನು ಆಗ ಈ ಲೆಕ್ಕ ಹಾಕಿಕೊಂಡಿರಲಿಲ್ಲ.

ಎಲ್‌ಡಿಎಲ್ ಇಳಿಯುವುದು ಮುಖ್ಯವಾಗಿ ಸ್ಯಾಚುರೇಟೆಡ್ ಕೊಬ್ಬು ಕಡಿಮೆಯಾಗಿ, ಕರಗುವ ನಾರು ಹೆಚ್ಚಾದಾಗ. ಒಲೆ ಹೊತ್ತಿಸಿದ ಮಾತ್ರಕ್ಕೆ ಆ ಲಾಭ ಹೋಗುವುದಿಲ್ಲ. ನಾನೀಗ ಸಂಜೆವರೆಗೆ ಹಣ್ಣು, ರಾತ್ರಿ ಎಣ್ಣೆಯಿಲ್ಲದೆ ಬೇಯಿಸಿದ ಬೇಳೆ, ಆಲೂಗಡ್ಡೆ, ಸೊಪ್ಪು. ಪಾಲಕ್‌ನ ಕ್ಯಾಲ್ಸಿಯಂ ಅದರಲ್ಲೇ ಇರುವ ಆಕ್ಸಲೇಟ್ ಎಂಬ ಅಂಶದಿಂದಾಗಿ ಹೇಗೂ ಹೆಚ್ಚು ಸಿಗುವುದಿಲ್ಲ, ಆದ್ದರಿಂದ ಬೇರೆ ಸೊಪ್ಪು. ಮೊದಲ ರಾತ್ರಿ ಆ ಬಿಸಿ ಬಟ್ಟಲ ಮುಂದೆ ಕೂತು ಅತ್ತಿದ್ದೆ, ಸೋತೆ ಅಂತ. ಆ ಅಳುವಿನಲ್ಲೇ ಏನೋ ಸರಿಯಿಲ್ಲ ಅನ್ನಿಸಿತು. ಶುದ್ಧ ಆಹಾರದ ಗೀಳಿಗೆ ಸ್ಟೀವನ್ ಬ್ರಾಟ್‌ಮನ್ ಎಂಬ ವೈದ್ಯರು 1997ರಲ್ಲಿ ಆರ್ಥೊರೆಕ್ಸಿಯಾ ಎಂದು ಹೆಸರಿಟ್ಟರು. ನನ್ನ ಸಂಗತಿಗೆ ಒಂದು ಹೆಸರಿದೆ ಎಂದು ಗೊತ್ತಾದದ್ದೇ ದೊಡ್ಡ ಆಸರೆ ಆಯಿತು.

ಜೊತೆ ಹುಡುಕುವಾಗ ಒಂದೇ ಒಂದು ಪರೀಕ್ಷೆ ಮಾಡಿ. "ನನಗೆ ಹುಷಾರಿಲ್ಲ" ಎಂದು ಹೇಳಿ ನೋಡಿ. ಪರೀಕ್ಷೆ ಮಾಡಿಸು ಅನ್ನುವವರ ಜೊತೆ ಇರಿ. ಇನ್ನೂ ಶುದ್ಧವಾಗು ಅನ್ನುವವರಿದ್ದರೆ ಎದ್ದು ಬನ್ನಿ.

ಉತ್ತರ 3 | ಎರಡನೇತಟ್ಟೆ

ನಾನು ಹಸಿ ಆಹಾರದವನಲ್ಲ. ನನ್ನ ಹೆಂಡತಿ ನಾಲ್ಕು ವರ್ಷದಿಂದ. ನಿಮ್ಮ ಮನೆಯವರು ಹೇಳಿದ ಮಾತನ್ನು ನಾನೂ ಹೇಳಿದ್ದೆ, ಹೆಚ್ಚುಕಡಿಮೆ ಅದೇ ಪದಗಳಲ್ಲಿ. ಅದರ ಹಿಂದೆ ಕೋಪ ಇರಲಿಲ್ಲ. ಹದಿನೈದು ವರ್ಷ ಅವಳಿಗೆ ನನ್ನ ಪ್ರೀತಿ ತೋರಿಸಲು ನನಗೆ ಗೊತ್ತಿದ್ದ ದಾರಿ ಅಡುಗೆ. ಅದನ್ನು ಒಂದೇ ದಿನದಲ್ಲಿ ಬೇಡ ಅಂದಾಗ ಕೈ ಖಾಲಿಯಾಯಿತು.

ಅವಳು ನನ್ನನ್ನು ಒಪ್ಪಿಸಲು ಹೋಗಲಿಲ್ಲ. ಒಂದು ಕೆಲಸ ಕೊಟ್ಟಳು: "ಬಾಳೆಹಣ್ಣು ಹಣ್ಣಾಗಿಸುವುದು ನಿನ್ನ ಜವಾಬ್ದಾರಿ." ದಿನಕ್ಕೆ ಹತ್ತು ಹಣ್ಣು, ಎಲ್ಲವೂ ಒಂದೇ ದಿನ ಹಣ್ಣಾದರೆ ಕೊಳೆಯುತ್ತವೆ, ಆಗದಿದ್ದರೆ ಅವಳು ಉಪವಾಸ. ಮೂರು ಹದದಲ್ಲಿ ತರಲು ಕಲಿತೆ. ಹಿಂದೆ ಬಿದ್ದ ಗೊನೆಯನ್ನು ಒಂದು ಸೇಬಿನ ಜೊತೆ ಕಾಗದದ ಚೀಲದಲ್ಲಿ ಹಾಕಿ ಬಾಯಿ ಮಡಚಿಡುತ್ತೇನೆ. ಸೇಬು ಬಿಡುವ ಎಥಿಲೀನ್ ಅನಿಲಕ್ಕೆ ಬೇಗ ಹಣ್ಣಾಗುತ್ತದೆ. ಹಣ್ಣಾದದ್ದು ಹೆಚ್ಚಾದರೆ ಸಿಪ್ಪೆ ತೆಗೆದು ಫ್ರೀಜರಿಗೆ. ಬೆಳಿಗ್ಗೆ ಅವಳ ಬಟ್ಟಲು ತುಂಬಿಸಿಡುವಾಗ ಮತ್ತೆ ಅಡುಗೆ ಮಾಡಿದ ಹಾಗೇ ಅನ್ನಿಸುತ್ತದೆ.

ಮಗನಿಗೆ ಹುಷಾರಾಗಿದ್ದೇನೆ ಅಂತಷ್ಟೇ ಹೇಳಿದರೆ ಸಾಲದು. ತಾತನ ಹೃದಯದ ಕಥೆ, ಆ 168ರ ಕಾಗದ, ಎರಡನ್ನೂ ಹೇಳಿ. ಮಕ್ಕಳಿಗೆ ಕಾರಣ ಗೊತ್ತಿಲ್ಲದಿದ್ದರೆ ತಾವೇ ಒಂದು ಕಾರಣ ಕಟ್ಟಿಕೊಳ್ಳುತ್ತಾರೆ, ಅದು ಯಾವಾಗಲೂ ನಿಜಕ್ಕಿಂತ ಭಯಂಕರವಾಗಿರುತ್ತದೆ. ಒಂದು ಎಚ್ಚರಿಕೆ: ಮನೆಯಲ್ಲಿ ಮಗು ಇದೆ. ಮೊಳಕೆ ಕಾಳು ಹಸಿಯಾಗಿ ತಿನ್ನುವ ಯೋಚನೆಯಿದ್ದರೆ ಮಗುವಿಗೆ ಕೊಡಬೇಡಿ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಇ.ಕೋಲಿ ಬ್ಯಾಕ್ಟೀರಿಯಾ ಹರಡಿ 50ಕ್ಕೂ ಹೆಚ್ಚು ಜನ ಸತ್ತರು. ರಾಜ್ಮಾ ಕಾಳಂತೂ ಮೊಳಕೆ ಬಂದಿದ್ದರೂ ಬೇಯಿಸದೆ ಯಾರೂ ತಿನ್ನುವ ಹಾಗಿಲ್ಲ.

ಆರಿದಒಲೆ (12 ದಿನದ ನಂತರ)

ಮೂವರ ಮಾತನ್ನೂ ಮುದ್ರಿಸಿಕೊಂಡು ವೈದ್ಯರ ಹತ್ತಿರ ಹೋದೆ. ಗರ್ಭ ನಿಂತಿಲ್ಲ, ಥೈರಾಯ್ಡ್ ಸರಿಯಿದೆ. ತಿನ್ನುವುದು ಸಾಲದ್ದೇ ಮುಟ್ಟು ತಡವಾಗಲು ಕಾರಣವಿರಬಹುದು ಅಂದರು. ಬಿ12 ಕೆಳಮಿತಿಯ ಹತ್ತಿರ ಬಂದಿದೆ, ಆದರೆ ಅದು ಈ ಕೆಲವು ವಾರಗಳದ್ದಲ್ಲ, ಯಕೃತ್ತಿನ ಸಂಗ್ರಹ ಇಷ್ಟು ಬೇಗ ಖಾಲಿಯಾಗುವುದಿಲ್ಲವಂತೆ. ಮೊದಲಿಂದಲೂ ಕಡಿಮೆ ಇತ್ತು, ನನಗೆ ಗೊತ್ತಿರಲಿಲ್ಲ. ಮಾತ್ರೆ ಶುರುಮಾಡಿದ್ದೇನೆ. ಆಹಾರತಜ್ಞೆಯೊಬ್ಬರ ಹತ್ತಿರ ಕಳುಹಿಸಿದ್ದಾರೆ, ಮುಂದಿನ ಮಂಗಳವಾರ ಭೇಟಿ.

ಮುಟ್ಟು ಸರಿಹೋಗುವವರೆಗೆ ಅರ್ಧದಾರಿಯವರ ದಾರಿ ಹಿಡಿಯುತ್ತೇನೆ: ಸಂಜೆವರೆಗೆ ಹಣ್ಣು, ರಾತ್ರಿ ಬೇಳೆ. ಮನಸ್ಸು ಪೂರ್ತಿ ಒಪ್ಪಿಲ್ಲ. ಪೂರ್ತಿ ಹಸಿಗೆ ಮರಳುವ ಆಸೆ ಇದ್ದೇ ಇದೆ, ಅದನ್ನು ಆಹಾರತಜ್ಞೆಗೂ ಹೇಳುತ್ತೇನೆ. ಆದರೆ ಐದು ರಾತ್ರಿಯಿಂದ ಹನ್ನೊಂದಕ್ಕೆ ಎಚ್ಚರವಾಗಿಲ್ಲ.

ಮನೆಯವರಿಗೆ ಎರಡನೇತಟ್ಟೆಯವರು ಬರೆದದ್ದನ್ನು ಓದಿಸಿದೆ. ಏನೂ ಮಾತಾಡಲಿಲ್ಲ. ಮರುದಿನ ನೋಡಿದರೆ ಬೇಳೆಯನ್ನು ಎಣ್ಣೆ ಹಾಕದೆ ಬೇಯಿಸಿ, ನನಗೆಂದು ಬೇರೆ ತೆಗೆಯದೆ, ಮೂವರಿಗೂ ಅದೇ ಪಾತ್ರೆಯಿಂದ ಬಡಿಸಿದರು. ಅಪ್ಪನ ಕಥೆ ಮಗನಿಗೆ ಹೇಳಿದೆ. ಅವನೀಗ ಬಾಳೆಹಣ್ಣುಗಳನ್ನು ಚುಕ್ಕೆ ಎಣಿಸಿ ಮೂರು ಸಾಲಾಗಿ ಜೋಡಿಸುತ್ತಾನೆ: ಇವತ್ತಿನದು, ನಾಳೆಯದು, ಇನ್ನೂ ಮಲಗಿರುವುದು.

ಚುಕ್ಕೆಬಾಳೆಯವರೇ, ಭಾನುವಾರ ಸಂಜೆ ನನ್ನ ವಾರದ ಪಟ್ಟಿಯನ್ನು ಗ್ರಾಂ ಸಮೇತ ಇಲ್ಲೇ ಹಾಕುತ್ತೇನೆ. ಕೊಬ್ಬಿನ ಲೆಕ್ಕ ಒಮ್ಮೆ ನೋಡಿಕೊಡುತ್ತೀರಾ? ಬಾದಾಮಿ ಬಿಟ್ಟಿದ್ದೇನೆ, ಬೆಣ್ಣೆಹಣ್ಣು ಬಿಡಲು ಮಾತ್ರ ಇನ್ನೂ ಆಗಿಲ್ಲ.

ಚುಕ್ಕೆಬಾಳೆ

ಹಾಕಿ, ಕಾಯುತ್ತಿರುತ್ತೇನೆ. ಬೆಣ್ಣೆಹಣ್ಣು ಬಿಡಬೇಡಿ, ಕಾಲು ಭಾಗ ಮಾಡಿ. ಅದಕ್ಕೆ ಜಾಗ ಇದೆ. ಅರ್ಧದಾರಿಯವರ ಪ್ರೋಟೀನ್ ಲೆಕ್ಕ ಸರಿ. ನಾನು ಸೊಪ್ಪನ್ನು 600 ಗ್ರಾಂಗೆ ಏರಿಸಿದೆ, ಆದರೂ ಸಾಲುತ್ತಿಲ್ಲ, ಮುಂದಿನ ತಿಂಗಳು ನಾನೂ ಪರೀಕ್ಷೆ ಮಾಡಿಸುತ್ತೇನೆ.