ಎಸ್ಪ್ರೆಸೊ ‘ಇಳಿಸು’ವುದೋ, ‘ಹಿಂಡು’ವುದೋ?

ಗೆಳೆಯರೆ,

ಮನೆಗೆ ಎಸ್ಪ್ರೆಸೊ ಯಂತ್ರ ಬಂದಿದೆ. ಅಮ್ಮ ಒಬ್ಬರೇ ಇದ್ದಾಗಲೂ ಬಳಸಲು ಅನುಕೂಲವಾಗಲೆಂದು ಕನ್ನಡದಲ್ಲೊಂದು ಚೀಟಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಬೇಕು. ಭಾಗಗಳ ಹೆಸರಿನ ಚಿಂತೆ ನನಗಿಲ್ಲ, ಪೋರ್ಟಾಫಿಲ್ಟರ್ (ಪುಡಿ ತುಂಬುವ ಹಿಡಿಕೆಯ ಬಟ್ಟಲು) ಹಾಗೇ ಇರಲಿ. ತೊಡಕಾಗಿರುವುದು ಯಂತ್ರದಿಂದ ಕಾಫಿ ತೆಗೆಯುವುದಕ್ಕೆ ಬಳಸಬೇಕಾದ ಕ್ರಿಯಾಪದ.

‘ಡಿಕಾಕ್ಷನ್ ಇನ್ನೂ ಇಳಿದಿಲ್ಲ, ಸ್ವಲ್ಪ ತಡಿ’ ಎನ್ನುವುದು ನಮ್ಮಲ್ಲಿ ದಿನಬಳಕೆಯ ಮಾತು. ಫಿಲ್ಟರಿನಲ್ಲಿ ಬಿಸಿನೀರು ತನ್ನ ಭಾರಕ್ಕೆ ತಾನೇ ತೊಟ್ಟಿಕ್ಕುವುದರಿಂದ ಅದು ಒಪ್ಪುತ್ತದೆ. ಎಸ್ಪ್ರೆಸೊದಲ್ಲಾದರೆ ಸುಮಾರು 9 ಬಾರ್ ಒತ್ತಡದಲ್ಲಿ ನೀರು ಪುಡಿಯೊಳಗೆ ನುಗ್ಗುತ್ತದೆ. 18 ಗ್ರಾಂ ಪುಡಿಯಿಂದ 36 ಗ್ರಾಂನಷ್ಟು ಕಾಫಿ 25–30 ಸೆಕೆಂಡಿನಲ್ಲಿ ಬಂದುಬಿಡುತ್ತದೆ. ಇಟಾಲಿಯನ್ ಪದದ ಮೂಲದಲ್ಲೇ ‘ಒತ್ತಿ ತೆಗೆದದ್ದು’ ಎಂಬ ಅರ್ಥ ಇರುವುದರಿಂದ ‘ಹಿಂಡು’ ಹೊಂದೀತೆಂದು ಕೆಲವರ ಸಲಹೆ. ನನಗೇಕೋ ಒಪ್ಪಿಗೆಯಾಗುತ್ತಿಲ್ಲ. ನಿಂಬೆಹಣ್ಣು ಹಿಂಡಿದರೆ ಅದರಲ್ಲಿದ್ದ ರಸವೇ ಬರುತ್ತದೆ, ಇಲ್ಲಿ ನೀರು ಹೊರಗಿನದು.

ಇಂಗ್ಲಿಷಿನಲ್ಲಿ ಶಾಟ್ (ಒಂದು ಸಲಕ್ಕೆ ತೆಗೆಯುವ ಎಸ್ಪ್ರೆಸೊ) ‘ಎಳೆಯು’ತ್ತಾರೆ. ಅದಕ್ಕೆ ಕಾರಣವೂ ಇದೆ. ಮಿಲಾನಿನ ಅಕಿಲ್ಲೆ ಗಾಜ್ಜಾ 1948ರ ಹೊತ್ತಿಗೆ ತಂದ ಯಂತ್ರದಲ್ಲಿ ಉದ್ದನೆಯ ಹಿಡಿಯನ್ನು ಕೈಯಿಂದಲೇ ಕೆಳಗೆಳೆಯಬೇಕಿತ್ತು. ಆಗ ಬಿಗಿಯಾದ ಸ್ಪ್ರಿಂಗು ಮತ್ತೆ ಸಡಿಲಗೊಳ್ಳುತ್ತಾ ನೀರನ್ನು ಪುಡಿಯ ಮೂಲಕ ದೂಡುತ್ತಿತ್ತು. 1961ರ ಫಾಯೆಮಾ ಇ61 ಯಂತ್ರದಲ್ಲಿ ಆ ಕೆಲಸಕ್ಕೆ ಪಂಪು ಬಂತು. ನಮ್ಮ ಮನೆಯದರಲ್ಲಿ ಇರುವುದು ಬರೀ ಗುಂಡಿ. ಚೀಟಿಯಲ್ಲಿ ‘ಎಳೆಯಿರಿ’ ಎಂದು ಬರೆದು, ಅಮ್ಮ ನಡುವೆ ಪೋರ್ಟಾಫಿಲ್ಟರಿಗೇ ಕೈಹಾಕಿದರೆ ಕುದಿಬಿಸಿ ಪುಡಿ ಮೈಮೇಲೆ ಸಿಡಿಯುತ್ತದೆ. ಆ ಪದ ಬೇಡವೇ ಬೇಡ.

ಯೋಚಿಸುತ್ತಾ ಹೋದಾಗ ‘ಭಟ್ಟಿ ಇಳಿಸು’ ನೆನಪಾಯಿತು. ಅಲ್ಲಿ ಆವಿ ಮೊದಲು ಮೇಲಕ್ಕೇ ಏಳುತ್ತದೆ, ಆದರೂ ನಾವು ‘ಇಳಿಸು’ ಎಂದೇ ಹೇಳುತ್ತೇವೆ. ಅಂದರೆ ಈ ಪದಕ್ಕೆ ತೊಟ್ಟಿಕ್ಕುವುದಷ್ಟೇ ಅಲ್ಲ, ಸಾರ ತೆಗೆಯುವ ಅರ್ಥವೂ ಕೂಡಿಕೊಂಡಿದೆ. ಹೀಗಾಗಿ ‘ಎಸ್ಪ್ರೆಸೊ ಇಳಿಸು’ ಸರಿ ಎಂಬುದು ನನ್ನ ನಿಲುವು. ಒಪ್ಪದವರು ಕಾರಣ ಕೊಟ್ಟು ವಾದಿಸಬೇಕೆಂದು ಕೋರುತ್ತೇನೆ.

ಕಾಫಿ ಇಳಿಸುವ ಮೊದಲು ಪೋರ್ಟಾಫಿಲ್ಟರಿನಲ್ಲಿ ಪುಡಿಯನ್ನು ಗಟ್ಟಿಯಾಗಿ ಕೂರಿಸಬೇಕು. ಅದಕ್ಕೆ ಪುಡಿ ‘ಒತ್ತಿ’ ಎಂದರೆ ಗುಂಡಿ ಒತ್ತುವುದರ ಜೊತೆ ಗೊಂದಲವಾಗುತ್ತದೆ, ಅದಕ್ಕೆ ‘ಅದುಮಿ’ ಎಂದು ಬರೆದೆ. ಓದಿದ ಕೂಡಲೇ ಅಮ್ಮನಿಗೆ ಅರ್ಥವಾಯಿತು. ಮಟ್ಟಸವಾಗಿ ಅದುಮದಿದ್ದರೆ ನೀರು ಸಡಿಲವಿದ್ದ ಕಡೆಯೇ ದಾರಿ ಮಾಡಿಕೊಂಡು, ಒಂದೇ ಗುಟುಕಿನಲ್ಲಿ ಹುಳಿಯೂ ಒಗರೂ ಸಿಗುತ್ತದೆ.

ಇನ್ನು ಎಸ್ಪ್ರೆಸೊ ಮೇಲೆ ನಿಲ್ಲುವ ಪದರ, ಕ್ರೆಮಾ. ಇಟಾಲಿಯನ್ನಿನಲ್ಲಿ ಅದು ‘ಕೆನೆ’ಯೇ ಸರಿ. ಆದರೆ ಕನ್ನಡದಲ್ಲಿ ಕೆನೆ ಎಂದರೆ ಹಾಲಿನದು. ಹುರಿದ ಬೀಜದಲ್ಲಿ ಉಳಿದ ಇಂಗಾಲದ ಡೈಆಕ್ಸೈಡು ಒತ್ತಡಕ್ಕೆ ನೀರಿನಲ್ಲಿ ಕರಗಿ, ಬಟ್ಟಲಿಗೆ ಬೀಳುತ್ತಲೇ ಸಣ್ಣ ಸಣ್ಣ ಗುಳ್ಳೆಯಾಗಿ ಏಳುತ್ತದೆ. ಕಾಫಿಯ ಎಣ್ಣೆಯಂಶವೂ ಅದರಲ್ಲಿ ಸೇರಿ ಮೇಲೆ ಕಂದುಹೊಂಬಣ್ಣದ ಪದರ ನಿಲ್ಲುತ್ತದೆ. ಹಾಲಿನ ಹನಿಯೂ ಇಲ್ಲ. ಆದ್ದರಿಂದ ‘ನೊರೆ’ ಎಂದೇ ಬರೆದಿದ್ದೇನೆ.

ಉಳಿದದ್ದು ಒಂದೇ. ಕಾಫಿ ಇಳಿದ ಮೇಲೆ ತಟ್ಟಿದರೆ ಪುಡಿ ಗಟ್ಟಿ ಬಿಲ್ಲೆಯಾಗಿ ಉದುರುತ್ತದೆ. ನಮ್ಮ ಮನೆಯಲ್ಲಿ ಫಿಲ್ಟರಿನದಕ್ಕೆ ‘ಚರಟ’ ಎನ್ನುತ್ತೇವೆ, ‘ಗಷ್ಟು’ ಎನ್ನುವವರೂ ಇದ್ದಾರೆ. ಈ ಬಿಲ್ಲೆಗೂ ಅದೇ ಹೆಸರು ಸಾಕೇ? ಮನೆಯಲ್ಲಿ ಯಂತ್ರ ಇಟ್ಟುಕೊಂಡಿರುವ ಕೊಡಗು, ಚಿಕ್ಕಮಗಳೂರು ಕಡೆಯವರು ಏನೆನ್ನುತ್ತೀರಿ, ತಿಳಿಸಿ.