ಸಹಾಯ ಬೇಕು: ಕಾಯಿ ಬಿಡುವ ತೆಂಗಿನ ಮರ ಕಿತ್ತು ಬೇರೆ ಕಡೆ ನೆಡಬೇಕು

ನಮಸ್ಕಾರ ರೀ ಎಲ್ಲರಿಗೂ. ಹುಬ್ಬಳ್ಳಿ ಕೇಶ್ವಾಪುರದಲ್ಲಿ ನಮ್ಮ ಮನೆ. ಹಿತ್ತಲಲ್ಲಿ ಸುಮಾರು 20 ಅಡಿ ತೆಂಗಿನ ಮರ ಇದೆ, ಈಗಲೂ ಗೊನೆ ತುಂಬ ಕಾಯಿ ಬಿಡುತ್ತದೆ, ಆದರೆ ಅದೇ ಜಾಗದಲ್ಲಿ ಹೊಸ ಅಡುಗೆಮನೆ ಬರಬೇಕು. ಕಡಿಯೋಕೆ ಅವ್ವನಿಗೂ ನನಗೂ ಮನಸ್ಸಿಲ್ಲ. ತೆಂಗಿಗೆ ತಾಯಿಬೇರು ಇರಲ್ಲ, ಬುಡದಿಂದ ಹೊಸ ಬೇರು ಒಡೆಯುತ್ತವೆ, ಅದಕ್ಕೇ ಬದುಕುತ್ತದೆ ಅನ್ನೋ ಆಸೆ. ಆದರೆ ಸುಳಿ ಒಂದೇ, ಕ್ರೇನಿನಿಂದ ಎತ್ತುವಾಗ ಅದಕ್ಕೆ ಪೆಟ್ಟು ಬಿದ್ದರೆ ಇಡೀ ಮರ ಹೋದ ಹಾಗೆ ಅಲ್ವಾ? ನಮ್ಮದು ಎರೆ ಮಣ್ಣು, ಮಳೆ ಹಿಡಿದರೆ ಗಾಡಿ ಹೂತು ಹೋಗುತ್ತದೆ. ಬುಡದ ಸುತ್ತ ಎಷ್ಟು ಅಗಲ ಅಗೆಯಬೇಕು? ಗರಿ ಎಷ್ಟು ಕಡಿಯಬೇಕು, ಉಳಿದದ್ದನ್ನು ಸುಳಿ ಸುತ್ತ ಕಟ್ಟಬೇಕಾ? ಈ ಕಡೆ ಇಂಥ ಕೆಲಸ ಮಾಡಿಸಿದವರು ಇದ್ದರೆ ದಯವಿಟ್ಟು ಹೇಳಿ, ಮರ ನೋಡೋಕೆ ಬಂದರೆ ಇನ್ನೂ ಒಳ್ಳೆಯದು.