ಕಾಮಿಕ್ಸ್ ಲೋಕದ 1986: ಯಾವುದನ್ನು ಸೇರಿಸಲಿ, ಯಾವುದನ್ನು ಬಿಡಲಿ?

ಕೋರಿಕೆ

ನಮಸ್ಕಾರ. ಕಾಮಿಕ್ಸ್ ಲೋಕದಲ್ಲಿ 1986ರಲ್ಲಿ ನಡೆದ ಗಮನಾರ್ಹ ಸಂಗತಿಗಳ ಬಗ್ಗೆ ಒಂದು ದೀರ್ಘ ಲೇಖನ ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ಎರಡು ತಿಂಗಳು ಟಿಪ್ಪಣಿ ಮಾಡಿಕೊಂಡ ಮೇಲೆ ನನ್ನ ಬಳಿ ಅರವತ್ತಕ್ಕೂ ಹೆಚ್ಚು ಸಂಗತಿಗಳಿವೆ. ಆದರೆ ಅವನ್ನು ಸಾಲಾಗಿ ಓದಿದರೆ ಪಂಚಾಂಗ ಓದಿದಂತಾಗುತ್ತದೆಯೇ ಹೊರತು ಒಂದು ವರ್ಷದ ಕಥೆ ಓದಿದಂತಾಗುವುದಿಲ್ಲ. ಸಾಲದ್ದಕ್ಕೆ, ಒಂದೇ ಸಂಗತಿಗೆ ಒಂದು ಕಡೆ 1985 ಎಂದೂ ಇನ್ನೊಂದು ಕಡೆ 1986 ಎಂದೂ ಬರೆದಿರುವುದು ಕಾಣುತ್ತದೆ. ಇಂಥ ವಾರ್ಷಿಕ ನೋಟಗಳನ್ನು ಬರೆದವರು, ಹಳೆಯ ಸಂಚಿಕೆಗಳನ್ನು ಸಂಗ್ರಹಿಸಿದವರು, ಈ ವಿಷಯವನ್ನು ಪಾಠ ಮಾಡಿದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವ ದಿನಾಂಕವನ್ನು ನಂಬಬೇಕು?

ಹಳೆಯ ಸಂಚಿಕೆಗಳ ಸಂಗ್ರಹಕಾರರೊಬ್ಬರು

ದಿನಾಂಕದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಾನು ಮುಗ್ಗರಿಸಿದ್ದು ಅಲ್ಲಿಯೇ. ಅಮೆರಿಕದ ಕಾಮಿಕ್ಸ್ ಸಂಚಿಕೆಯ ಮುಖಪುಟದಲ್ಲಿ ಅಚ್ಚಾಗಿರುವ ತಿಂಗಳು ಅದು ಅಂಗಡಿಗೆ ಬಂದ ತಿಂಗಳಲ್ಲ. ಹಳೆಯದಾಯಿತೆಂದು ಅಂಗಡಿಯವರು ಅದನ್ನು ಬೇಗನೆ ಕೆಳಗಿಳಿಸಬಾರದು ಎಂಬ ಲೆಕ್ಕಾಚಾರದಿಂದ ಪ್ರಕಾಶಕರು ಎರಡು ಮೂರು ತಿಂಗಳು ಮುಂದಿನ ತಿಂಗಳ ಹೆಸರನ್ನು ಹಾಕುತ್ತಿದ್ದರು. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಆಕ್ಷನ್ ಕಾಮಿಕ್ಸ್‌ನ ಮೊದಲ ಸಂಚಿಕೆಯ ಮೇಲೆ ಜೂನ್ 1938 ಎಂದಿದೆ. ಅದು ಓದುಗರ ಕೈ ಸೇರಿದ್ದು ಏಪ್ರಿಲ್‌ನಲ್ಲಿ. ವರ್ಷದ ನಡುವೆ ಈ ವ್ಯತ್ಯಾಸದಿಂದ ದೊಡ್ಡ ಹಾನಿಯಿಲ್ಲ, ಆದರೆ ವರ್ಷದ ಎರಡು ತುದಿಗಳಲ್ಲಿ ಇಸವಿಯೇ ಬದಲಾಗಿಬಿಡುತ್ತದೆ. ನಿಮ್ಮ ಪಟ್ಟಿಯಲ್ಲಿ ಖಂಡಿತವಾಗಿ ಇರಬಹುದಾದ ಡಿ.ಸಿ. ಪ್ರಕಾಶನದ 'ಕ್ರೈಸಿಸ್ ಆನ್ ಇನ್ಫಿನಿಟ್ ಅರ್ತ್ಸ್' ಅನ್ನೇ ತೆಗೆದುಕೊಳ್ಳಿ. ಮಾರ್ವ್ ವುಲ್ಫ್‌ಮನ್ ಬರೆದು ಜಾರ್ಜ್ ಪೆರೆಜ್ ಚಿತ್ರಿಸಿದ ಆ ಹನ್ನೆರಡು ಸಂಚಿಕೆಗಳ ಸರಣಿಯ ಕೊನೆಯ ಕಂತಿನ ಮೇಲೆ ಮಾರ್ಚ್ 1986 ಎಂದಿದ್ದರೂ, 1985 ಮುಗಿಯುವ ಮೊದಲೇ ಅದು ಮಾರಾಟಕ್ಕೆ ಬಂದಿತ್ತು.

ಜಪಾನಿನ ವಾರಪತ್ರಿಕೆಗಳಲ್ಲಿಯೂ ಇದೇ ಬಲೆ ಇನ್ನೊಂದು ರೂಪದಲ್ಲಿದೆ. ಆಗ ಮುಂದಿನ ವರ್ಷದ 1 ಮತ್ತು 2ನೆಯ ಸಂಖ್ಯೆಗಳ ಜಂಟಿ ಸಂಚಿಕೆ ಹಿಂದಿನ ವರ್ಷದ ಡಿಸೆಂಬರಿನಲ್ಲಿಯೇ ಹೊರಬರುತ್ತಿತ್ತು. 'ವೀಕ್ಲಿ ಶೋನೆನ್ ಜಂಪ್'ನಲ್ಲಿ 'ಸೇಂಟ್ ಸೇಯಾ' ಆರಂಭವಾದದ್ದು 1986ರ ಮೊದಲ ಜಂಟಿ ಸಂಚಿಕೆಯಲ್ಲಿ, ಅಂದರೆ ವಾಸ್ತವವಾಗಿ 1985ರ ಡಿಸೆಂಬರಿನಲ್ಲಿ. ಸರಿಯಾಗಿ ಒಂದು ವರ್ಷದ ನಂತರ 'ಜೋಜೋಸ್ ಬಿಝಾರ್ ಅಡ್ವೆಂಚರ್' ಆರಂಭವಾದದ್ದು 1987ರ ಮೊದಲ ಜಂಟಿ ಸಂಚಿಕೆಯಲ್ಲಿ, ಅಂದರೆ 1986ರ ಡಿಸೆಂಬರಿನಲ್ಲಿ. ನಾನು ಒಮ್ಮೆ ಸಿದ್ಧಪಡಿಸಿದ ವಾರ್ಷಿಕ ಪಟ್ಟಿಯಲ್ಲಿ ಮೊದಲನೆಯದನ್ನು 1986ಕ್ಕೆ ಸೇರಿಸಿ ಎರಡನೆಯದನ್ನು ಕೈಬಿಟ್ಟಿದ್ದೆ. ಮಾರಾಟದ ದಿನವನ್ನು ಆಧಾರವಾಗಿಟ್ಟುಕೊಂಡಿದ್ದರೆ ಸರಿಯಾಗಿ ಅದರ ತಿರುವುಮುರುವಾಗಬೇಕಿತ್ತು. ಒಬ್ಬ ಓದುಗರು ಅತ್ಯಂತ ಸೌಜನ್ಯದಿಂದ ಅದನ್ನು ತೋರಿಸಿಕೊಟ್ಟರು. ಸೌಜನ್ಯದಿಂದ ತೋರಿಸಿದ ತಪ್ಪು ಹೆಚ್ಚು ದಿನ ಚುಚ್ಚುತ್ತದೆ.

ಅಂದಿನಿಂದ ನಾನು ಪ್ರತಿ ಸಂಗತಿಗೂ ಮೂರು ಮನೆಗಳನ್ನು ಹಾಕಿಕೊಳ್ಳುತ್ತೇನೆ: ಮುಖಪುಟದ ತಿಂಗಳು, ಮಾರಾಟಕ್ಕೆ ಬಂದ ದಿನ, ಪುಸ್ತಕವಾಗಿ ಸಂಕಲನಗೊಂಡ ವರ್ಷ. ಅಲನ್ ಮೂರ್ ಮತ್ತು ಡೇವ್ ಗಿಬನ್ಸ್ ಅವರ 'ವಾಚ್‌ಮೆನ್' ಮೊದಲ ಸಂಚಿಕೆಯ ಮೇಲೆ ಸೆಪ್ಟೆಂಬರ್ 1986 ಎಂದಿದೆ. ಹನ್ನೆರಡನೆಯದರ ಮೇಲೆ ಅಕ್ಟೋಬರ್ 1987 ಎಂದಿದೆ. ಒಂದೇ ಪುಸ್ತಕವಾಗಿ ಬಂದದ್ದು 1987ರಲ್ಲಿ. ಹೀಗಿರುವಾಗ ಅದನ್ನು 1986ರ ಕೃತಿ ಎನ್ನುವುದು ರೂಢಿಯಾಗಿದ್ದರೂ, ಆ ವರ್ಷದ ಓದುಗರಿಗೆ ಕಥೆ ಎಲ್ಲಿ ಮುಗಿಯುತ್ತದೆಂಬುದು ತಿಳಿದಿರಲಿಲ್ಲ ಎಂಬುದನ್ನು ನೀವು ಬರೆಯಲೇಬೇಕು. ಯಾವ ಮನೆಯನ್ನು ಆಧಾರವಾಗಿ ಇಟ್ಟುಕೊಂಡಿದ್ದೀರಿ ಎಂಬುದನ್ನು ಲೇಖನದ ಆರಂಭದಲ್ಲಿಯೇ ಒಂದು ವಾಕ್ಯದಲ್ಲಿ ಹೇಳಿಬಿಡಿ. ಅರ್ಧದಷ್ಟು ತಕರಾರುಗಳು ಅಲ್ಲಿಯೇ ತಣ್ಣಗಾಗುತ್ತವೆ.

ಗ್ರಂಥಾಲಯದಲ್ಲಿ ಕೆಲಸ ಮಾಡುವವರೊಬ್ಬರು

ಮೇಲಿನ ಮಾತಿಗೆ ಒಂದು ಸಣ್ಣ ಸೇರ್ಪಡೆ. ಪ್ರಶಸ್ತಿಗಳ ವರ್ಷವನ್ನೂ ಅನುಮಾನದಿಂದಲೇ ನೋಡಿ. 'ಕ್ಯಾಲ್ವಿನ್ ಅಂಡ್ ಹಾಬ್ಸ್' ಪತ್ರಿಕೆಗಳಲ್ಲಿ ಆರಂಭವಾದದ್ದು 1985ರ ನವೆಂಬರ್ 18ರಂದು; ಅದರ ಕರ್ತೃ ಬಿಲ್ ವಾಟರ್‌ಸನ್ ಅವರಿಗೆ ಬಂದ ಮೊದಲ ರೂಬೆನ್ ಪ್ರಶಸ್ತಿ (ಅಮೆರಿಕದ ವ್ಯಂಗ್ಯಚಿತ್ರಕಾರರ ವಾರ್ಷಿಕ ಪ್ರಶಸ್ತಿ) 1986ರ ಸಾಲಿನದು. ವರ್ಷದ ಸಾಲಿಗೆ ಕೊಟ್ಟ ಪ್ರಶಸ್ತಿಯ ಸಮಾರಂಭ ಆ ವರ್ಷ ಮುಗಿದ ಮೇಲೆಯೇ ನಡೆಯುವುದರಿಂದ 'ಪ್ರಶಸ್ತಿ ಪಡೆದರು' ಎಂಬ ಕ್ರಿಯಾಪದವನ್ನು ಎಚ್ಚರದಿಂದ ಬಳಸಬೇಕು.

ಈ ವಿಷಯವನ್ನು ಕೆಲವು ವರ್ಷ ಪಾಠ ಮಾಡಿದವರೊಬ್ಬರು

ದಿನಾಂಕಗಳು ಸರಿಯಾದವೆಂದಿಟ್ಟುಕೊಳ್ಳೋಣ. ಆಗಲೂ ನಿಮ್ಮ ಪಂಚಾಂಗದ ಸಮಸ್ಯೆ ಬಗೆಹರಿಯುವುದಿಲ್ಲ. 1986 ಎಂದೊಡನೆ ಎಲ್ಲರೂ 'ಡಾರ್ಕ್ ನೈಟ್ ರಿಟರ್ನ್ಸ್', 'ವಾಚ್‌ಮೆನ್', 'ಮೌಸ್' ಎಂಬ ಮೂರು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿ, ಕಾಮಿಕ್ಸ್ ಪ್ರಾಪ್ತವಯಸ್ಸಿಗೆ ಬಂದ ವರ್ಷವಿದು ಎನ್ನುತ್ತಾರೆ. ನಾನೂ ಹಲವು ವರ್ಷ ಹಾಗೆಯೇ ಪಾಠ ಹೇಳಿದೆ. ಒಮ್ಮೆ ಒಬ್ಬ ವಿದ್ಯಾರ್ಥಿನಿ, "ಈ ಮೂರೂ ಒಂದೇ ವರ್ಷ ಬಂದದ್ದು ಆಕಸ್ಮಿಕವೋ ಅಥವಾ ಕಾರಣವಿತ್ತೋ?" ಎಂದು ಕೇಳಿದಾಗ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯನ್ನು ಬೆನ್ನಟ್ಟಿದ ಮೇಲೆಯೇ ಆ ವರ್ಷ ನನಗೆ ಅರ್ಥವಾದದ್ದು. ನನ್ನ ಸಲಹೆ ಇಷ್ಟೇ: ಏನು ಪ್ರಕಟವಾಯಿತು ಎಂಬುದರ ಜೊತೆಗೆ, ಅದನ್ನು ಮಾರಲು ಯಾವ ದಾರಿ ತೆರೆದಿತ್ತು ಎಂದು ಪ್ರತಿ ಸಂಗತಿಗೂ ಕೇಳಿ.

ಹಳೆಯ ಪದ್ಧತಿಯಲ್ಲಿ ಪತ್ರಿಕೆ ಮಾರುವ ಅಂಗಡಿಗಳು ಮಾರಾಟವಾಗದ ಪ್ರತಿಗಳನ್ನು ಹಿಂದಿರುಗಿಸಬಹುದಿತ್ತು. ಆದ್ದರಿಂದ ಎಷ್ಟು ಅಚ್ಚು ಹಾಕಬೇಕೆಂಬುದು ಪ್ರಕಾಶಕರಿಗೆ ಯಾವಾಗಲೂ ಜೂಜೇ ಆಗಿತ್ತು. 1970ರ ದಶಕದ ಆರಂಭದಲ್ಲಿ ಫಿಲ್ ಸ್ಯೂಲಿಂಗ್ ಎಂಬುವರು ರೂಢಿಗೆ ತಂದ ನೇರ ಮಾರಾಟದ ಪದ್ಧತಿಯಲ್ಲಿ ಕಾಮಿಕ್ಸ್ ಅಂಗಡಿಗಳು ಹೆಚ್ಚಿನ ರಿಯಾಯಿತಿ ಪಡೆದು ಮುಂಗಡವಾಗಿ ಖರೀದಿಸುತ್ತಿದ್ದವು, ಉಳಿದದ್ದನ್ನು ಹಿಂದಿರುಗಿಸುವಂತಿರಲಿಲ್ಲ. ನಷ್ಟದ ಭಯ ಅಂಗಡಿಗೆ ವರ್ಗಾವಣೆಯಾದದ್ದರಿಂದಲೇ ಪ್ರಕಾಶಕರಿಗೆ ದುಬಾರಿ ಪ್ರಯೋಗಗಳನ್ನು ಮಾಡುವ ಧೈರ್ಯ ಬಂದಿತು. ಸಾಮಾನ್ಯ ಸಂಚಿಕೆಯ ಬೆಲೆ 75 ಸೆಂಟ್ ಇದ್ದ ಕಾಲದಲ್ಲಿ, ಒಳ್ಳೆಯ ಕಾಗದದ ಮೇಲೆ ಅಚ್ಚಾಗಿ ಪುಸ್ತಕದಂತೆ ಚೌಕ ಬೆನ್ನುಳ್ಳ, 2.95 ಡಾಲರ್ ಬೆಲೆಯ ಫ್ರ್ಯಾಂಕ್ ಮಿಲ್ಲರ್ ಅವರ ಬ್ಯಾಟ್‌ಮ್ಯಾನ್ ಕಥೆ 'ಡಾರ್ಕ್ ನೈಟ್ ರಿಟರ್ನ್ಸ್'ನ ಸಂಚಿಕೆಗಳು ಹೊರಬರಲು ಸಾಧ್ಯವಾದದ್ದು ಈ ವ್ಯವಸ್ಥೆಯಿಂದ. ಲಿನ್ ವಾರ್ಲಿ ಅವರ ಬಣ್ಣಗಾರಿಕೆ ಅಷ್ಟು ಎದ್ದು ಕಾಣುವುದಕ್ಕೆ ಆ ಕಾಗದವೂ ಕಾರಣ.

'ಮೌಸ್' ಬಂದ ದಾರಿಯೇ ಬೇರೆ. ಯಹೂದಿಗಳನ್ನು ಇಲಿಗಳಾಗಿ ಚಿತ್ರಿಸಿದ ಆ ಕೃತಿಯನ್ನು ಆರ್ಟ್ ಸ್ಪೀಗೆಲ್‌ಮನ್ 'ರಾ' ಎಂಬ ತಮ್ಮದೇ ಪತ್ರಿಕೆಯಲ್ಲಿ 1980ರ ಡಿಸೆಂಬರಿನಿಂದ ಅಧ್ಯಾಯ ಅಧ್ಯಾಯವಾಗಿ ಪ್ರಕಟಿಸುತ್ತಿದ್ದರು. ಕೃತಿ ಪೂರ್ಣವಾಗುವ ಮೊದಲೇ ಅದರ ಮೊದಲ ಆರು ಅಧ್ಯಾಯಗಳನ್ನು ಪ್ಯಾಂಥಿಯಾನ್ ಎಂಬ ಪುಸ್ತಕ ಪ್ರಕಾಶನ 1986ರಲ್ಲಿ ಹೊರತಂದದ್ದಕ್ಕೆ ಒಂದು ವಿಚಿತ್ರ ಕಾರಣವಿದೆ: ಸ್ಟೀವನ್ ಸ್ಪೀಲ್‌ಬರ್ಗ್ ನಿರ್ಮಾಣದಲ್ಲಿ ಯಹೂದಿ ಇಲಿಗಳ ಒಂದು ಕಾರ್ಟೂನ್ ಚಿತ್ರ ಸಿದ್ಧವಾಗುತ್ತಿದೆಯೆಂದು ತಿಳಿದ ಸ್ಪೀಗೆಲ್‌ಮನ್, ತಮ್ಮ ಇಲಿಗಳು ಅದರ ಅನುಕರಣೆಯೆಂದು ಯಾರಿಗೂ ಅನ್ನಿಸಬಾರದೆಂದು ಅವಸರಪಡಿಸಿದರು. ಎರಡನೆಯ ಭಾಗ 1991ರಲ್ಲಿ ಬಂದಿತು, ಪುಲಿಟ್ಜರ್‌ನ ವಿಶೇಷ ಪ್ರಶಸ್ತಿ 1992ರಲ್ಲಿ. ಅದೇ 1986ರಲ್ಲಿ ಹಾರ್ವೀ ಪೀಕರ್ ಅವರ 'ಅಮೆರಿಕನ್ ಸ್ಪ್ಲೆಂಡರ್' ಕಥೆಗಳ ಸಂಕಲನವನ್ನು ಡಬಲ್‌ಡೇ ಪ್ರಕಟಿಸಿತು. ಆಸ್ಪತ್ರೆಯೊಂದರಲ್ಲಿ ಕಡತ ನೋಡಿಕೊಳ್ಳುವ ಗುಮಾಸ್ತನೊಬ್ಬನ ದಿನಚರಿ ಅದು. ಆಲಿಸನ್ ಬೆಕ್‌ಡೆಲ್ ಅವರ ಮೊದಲ ಸಂಕಲನವೂ ಆ ವರ್ಷದ್ದೇ, ಫೈರ್‌ಬ್ರ್ಯಾಂಡ್ ಬುಕ್ಸ್ ಎಂಬ ಸಣ್ಣ ಸ್ತ್ರೀವಾದಿ ಪ್ರಕಾಶನದಿಂದ. ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ಮುಸುಕಿನ ವೀರರು ಗಂಭೀರರಾದದ್ದಕ್ಕಿಂತ ಕಾಮಿಕ್ಸ್ ಪುಸ್ತಕದಂಗಡಿಯ ಕಪಾಟಿಗೆ ಕಾಲಿಟ್ಟದ್ದೇ ಆ ವರ್ಷದ ದೊಡ್ಡ ಸಂಗತಿ ಎಂದು ನನಗೆ ತೋರುತ್ತದೆ. ಇದನ್ನು ಒಪ್ಪದವರಿದ್ದಾರೆ, ಆದರೆ ಇಂಥ ಒಂದು ನಿಲುವು ಇಲ್ಲದೆ ಅರವತ್ತು ಸಂಗತಿಗಳು ಒಂದು ಲೇಖನವಾಗುವುದಿಲ್ಲ.

ಇದೇ ನೇರ ಮಾರಾಟದ ಇನ್ನೊಂದು ಮುಖವನ್ನು ಬಿಡಬೇಡಿ. ಕೆವಿನ್ ಈಸ್ಟ್‌ಮನ್ ಮತ್ತು ಪೀಟರ್ ಲೇರ್ಡ್ ಎಂಬ ಇಬ್ಬರು 1984ರಲ್ಲಿ ತಾವೇ ಕೆಲವೇ ಸಾವಿರ ಪ್ರತಿ ಅಚ್ಚು ಹಾಕಿಸಿದ ಕಪ್ಪು ಬಿಳುಪಿನ 'ನಿಂಜಾ ಟರ್ಟಲ್ಸ್' ಸಂಚಿಕೆಯ ಬೆಲೆ ಸಂಗ್ರಹಕಾರರ ನಡುವೆ ಗಗನಕ್ಕೇರಿತು. ಅದನ್ನು ಕಂಡು 1986ರ ಹೊತ್ತಿಗೆ ಆಯುಧ ಹಿಡಿದ ಪ್ರಾಣಿಗಳಿರುವ ಯಾವ ಕಪ್ಪು ಬಿಳುಪಿನ ಮೊದಲ ಸಂಚಿಕೆ ಬಂದರೂ ಅಂಗಡಿಗಳು ಕಟ್ಟುಗಟ್ಟಲೆ ತರಿಸಿದವು. ಹ್ಯಾಮ್‌ಸ್ಟರ್‌ಗಳು ಕೂಡ ಕರಾಟೆ ಕಲಿತವು. ಹಿಂದಿರುಗಿಸುವ ಅವಕಾಶವಿಲ್ಲದ್ದರಿಂದ ಆ ಕಟ್ಟುಗಳು ಅಂಗಡಿಗಳಲ್ಲಿಯೇ ಉಳಿದು, 1987ರಲ್ಲಿ ಅನೇಕ ಸಣ್ಣ ಪ್ರಕಾಶಕರೂ ಅಂಗಡಿಗಳೂ ಬಾಗಿಲು ಹಾಕುವಂತಾಯಿತು. ಮೈಕ್ ರಿಚರ್ಡ್‌ಸನ್ ಅವರ ಡಾರ್ಕ್ ಹಾರ್ಸ್ ಪ್ರಕಾಶನ ಹುಟ್ಟಿದ್ದು ಇದೇ ನೂಕುನುಗ್ಗಲಿನ 1986ರಲ್ಲಿ, ಅದೂ ಕಪ್ಪು ಬಿಳುಪಿನ ಒಂದು ಕಥಾಗುಚ್ಛದ ಮೂಲಕ ಎಂಬುದು ನೆನಪಿರಲಿ. ಅದು ಉಳಿದುಕೊಂಡಿತು.

ವಾರ್ಷಿಕ ನೋಟ ಬರೆದು ಅನುಭವವುಳ್ಳ ಇನ್ನೊಬ್ಬರು

ಪುಟಗಳ ಮೇಲೆ ನಡೆದದ್ದನ್ನು ಹಿರಿಯರು ಚೆನ್ನಾಗಿ ಹೇಳಿದ್ದಾರೆ. ಪುಟಗಳ ಆಚೆ ನಡೆದದ್ದಕ್ಕೂ ಲೇಖನದ ಕಾಲುಭಾಗವನ್ನಾದರೂ ಮೀಸಲಿಡಿ ಎಂದು ನಾನು ಕೇಳಿಕೊಳ್ಳುತ್ತೇನೆ, ಏಕೆಂದರೆ ನನ್ನ ಮೊದಲ ಪ್ರಯತ್ನದಲ್ಲಿ ಅದನ್ನು ಪೂರ್ತಿ ಬಿಟ್ಟು ಪಶ್ಚಾತ್ತಾಪಪಟ್ಟಿದ್ದೇನೆ. ಮಾರ್ವೆಲ್ ತನ್ನ 25ನೆಯ ವರ್ಷದ ಸಂಭ್ರಮವೆಂದು ಆ ವರ್ಷ 'ನ್ಯೂ ಯೂನಿವರ್ಸ್' ಹೆಸರಿನಲ್ಲಿ ಎಂಟು ಹೊಸ ಸರಣಿಗಳನ್ನು ಒಮ್ಮೆಲೇ ಆರಂಭಿಸಿತು, ಅವು 1989ರ ಹೊತ್ತಿಗೆ ಅಳಿದುಹೋದವು. ಅದಕ್ಕಿಂತ ದೂರಗಾಮಿಯಾದದ್ದು ವರ್ಷಾಂತ್ಯದಲ್ಲಿ ಆ ಸಂಸ್ಥೆಯೇ ನ್ಯೂ ವರ್ಲ್ಡ್ ಎಂಬ ಚಲನಚಿತ್ರ ಕಂಪನಿಗೆ ಮಾರಾಟವಾದದ್ದು. ಅದೇ ಹೊತ್ತಿನಲ್ಲಿ ಮಾರ್ವೆಲ್‌ನ ಹಿರಿಯ ಕಲಾವಿದ ಜ್ಯಾಕ್ ಕರ್ಬಿ ತಾವು ಬರೆದ ಮೂಲ ಚಿತ್ರಗಳನ್ನು ಆ ಸಂಸ್ಥೆಯಿಂದ ಮರಳಿ ಪಡೆಯಲು ಹೋರಾಡುತ್ತಿದ್ದರು. ಬೇರೆ ಕಲಾವಿದರು ಒಂದು ಚಿಕ್ಕ ಪತ್ರಕ್ಕೆ ರುಜು ಹಾಕಿದರೆ ಸಾಕಾಗಿದ್ದ ಕಡೆ, ಅವರ ಮುಂದೆ ಮಾತ್ರ ಹಲವು ಪುಟಗಳ ಕರಾರನ್ನು ಇಡಲಾಗಿತ್ತು. ಅವರ ಸಾವಿರಾರು ಪುಟಗಳಲ್ಲಿ ಒಂದು ಭಾಗ ಮಾತ್ರ ಕೊನೆಗೆ 1987ರಲ್ಲಿ ಅವರ ಕೈ ಸೇರಿತು. ಕಾಮಿಕ್ಸ್ ಕಲೆಯೆನಿಸಿಕೊಂಡ ವರ್ಷವೆಂದು ಹೊಗಳುವಾಗ ಈ ವಿವರವನ್ನು ಪಕ್ಕದಲ್ಲಿಯೇ ಇಟ್ಟರೆ ಹೊಗಳಿಕೆಗೆ ಸ್ವಲ್ಪ ಉಪ್ಪು ಬೀಳುತ್ತದೆ.

ಇನ್ನೊಂದು ಸಂಗತಿ ಡಿಸೆಂಬರಿನದು. ಇಲಿನಾಯ್ ರಾಜ್ಯದ ಲ್ಯಾನ್ಸಿಂಗ್ ಎಂಬ ಊರಿನಲ್ಲಿ ಅಶ್ಲೀಲ ಸಾಹಿತ್ಯ ಮಾರಿದ ಆರೋಪದ ಮೇಲೆ ಕಾಮಿಕ್ಸ್ ಅಂಗಡಿಯೊಂದರ ವ್ಯವಸ್ಥಾಪಕರನ್ನು ಪೊಲೀಸರು ಬಂಧಿಸಿದರು. ಪ್ರಕಾಶಕ ಡೆನಿಸ್ ಕಿಚನ್ ಕಲಾವಿದರಿಂದ ಚಿತ್ರಗಳನ್ನು ಪಡೆದು, ಅವುಗಳ ಮಾರಾಟದಿಂದ ಮೊಕದ್ದಮೆಯ ಖರ್ಚಿಗೆ ಹಣ ಕೂಡಿಸಿದರು. ಕೆಳಗಿನ ನ್ಯಾಯಾಲಯ ವಿಧಿಸಿದ ಶಿಕ್ಷೆ ಮೇಲ್ಮನವಿಯಲ್ಲಿ ರದ್ದಾಯಿತು. ಮಿಕ್ಕ ಹಣವೇ ಮುಂದೆ 1990ರಲ್ಲಿ ನೋಂದಣಿಯಾದ ಕಾಮಿಕ್ ಬುಕ್ ಲೀಗಲ್ ಡಿಫೆನ್ಸ್ ಫಂಡ್ ಎಂಬ ಕಾನೂನು ನೆರವಿನ ನಿಧಿಗೆ ಬೀಜವಾಯಿತು. ಆ ತಿಂಗಳು ಇದು ಒಂದು ಚಿಕ್ಕ ಊರಿನ ಸುದ್ದಿಯಷ್ಟೇ. ಇಂಥವನ್ನು ಗುರುತಿಸಲು ನಂತರದ ಮೂರು ನಾಲ್ಕು ವರ್ಷಗಳ ವಿದ್ಯಮಾನಗಳನ್ನೂ ಓದಿಕೊಳ್ಳಬೇಕಾಗುತ್ತದೆ.

ಯುರೋಪನ್ನು ಒಂದೇ ವಾಕ್ಯದಲ್ಲಿ ಮುಗಿಸುವ ಚಾಳಿ ನಮಗೆಲ್ಲ ಇದೆ. ಕನಿಷ್ಠ, 1983ರಲ್ಲಿ ತೀರಿಕೊಂಡ ಎರ್ಜೆ ಅವರ ಕೊನೆಯ ಟಿನ್‌ಟಿನ್ ಕಥೆ, 'ಆಲ್ಫ್-ಆರ್ಟ್', ಅಪೂರ್ಣ ಗೀಚುಚಿತ್ರಗಳ ರೂಪದಲ್ಲಿಯೇ 1986ರಲ್ಲಿ ಪುಸ್ತಕವಾದದ್ದನ್ನು ಸೇರಿಸಿ. ಬೇರೆಯವರ ಕೈಯಿಂದ ಅದನ್ನು ಪೂರ್ಣಗೊಳಿಸದೆ ಕಲಾವಿದನ ಕೈಬರಹವನ್ನೇ ಓದುಗರ ಮುಂದಿಟ್ಟದ್ದು ಒಂದು ದಿಟ್ಟ ನಿರ್ಧಾರವಾಗಿತ್ತು.

ಕೋರಿಕೆ ಸಲ್ಲಿಸಿದವರು

ಎಲ್ಲರಿಗೂ ಕೃತಜ್ಞತೆಗಳು. ಮಾರಾಟದ ದಿನವನ್ನೇ ಆಧಾರವಾಗಿಟ್ಟುಕೊಂಡು ಪಟ್ಟಿಯನ್ನು ಸೋಸಿದ್ದೇನೆ. ಇಪ್ಪತ್ತೆರಡು ಸಂಗತಿಗಳು ಉಳಿದಿವೆ. ಒಂದೇ ಸಂಕಟ: ಈ ಲೆಕ್ಕದಲ್ಲಿ 'ಕ್ರೈಸಿಸ್' 1985ಕ್ಕೆ ಹೊರಟುಹೋಗುತ್ತದೆ. ಅದಿಲ್ಲದೆ ಡಿ.ಸಿ. ಸಂಸ್ಥೆಯ 1986 ಅರ್ಥವಾಗುವುದೇ?

ಸಂಗ್ರಹಕಾರರು ಮತ್ತೆ

ಹೋಗಲಿ ಬಿಡಿ, ಅದರ ಪರಿಣಾಮ ನಿಮ್ಮ ವರ್ಷದಲ್ಲಿಯೇ ಇದೆ. ಡಿ.ಸಿ. ಕಥೆಗಳು ನಡೆಯುತ್ತಿದ್ದ ಹಲವು ಭೂಮಿಗಳನ್ನು 'ಕ್ರೈಸಿಸ್' ಒಂದಾಗಿಸಿದ ಮೇಲೆ ಸೂಪರ್‌ಮ್ಯಾನ್‌ನನ್ನು ಹೊಸದಾಗಿ ಆರಂಭಿಸುವ ಹೊಣೆ ಜಾನ್ ಬರ್ನ್ ಅವರಿಗೆ ಬಂದಿತು. ಅವರ 'ಮ್ಯಾನ್ ಆಫ್ ಸ್ಟೀಲ್' ಆರು ಸಂಚಿಕೆಗಳಾಗಿ 1986ರಲ್ಲಿ ಹೊರಬಂದಿತು. ಅದೇ ವರ್ಷ ಹಳೆಯ ಸೂಪರ್‌ಮ್ಯಾನ್‌ಗೆ ಬೀಳ್ಕೊಡುಗೆಯಾಗಿ ಅಲನ್ ಮೂರ್ ಬರೆದು ಕರ್ಟ್ ಸ್ವಾನ್ ಚಿತ್ರಿಸಿದ ಎರಡು ಕಂತಿನ ಕಥೆ ಬಂದಿತು. ಹುದ್ದೆ ಬಿಟ್ಟುಕೊಡುವ ಮುನ್ನ ಅದನ್ನು ಬರೆಸಿದವರು ಸಂಪಾದಕ ಜೂಲಿಯಸ್ ಶ್ವಾರ್ಟ್ಸ್. ಇದೇ ಶ್ವಾರ್ಟ್ಸ್ 1961ರಲ್ಲಿ ಗಾರ್ಡ್‌ನರ್ ಫಾಕ್ಸ್ ಅವರಿಂದ ಫ್ಲ್ಯಾಶ್ ಎಂಬ ವೀರನ ಎರಡು ಭೂಮಿಗಳ ಕಥೆಯನ್ನು ಬರೆಸಿದ್ದರು, ಡಿ.ಸಿ.ಯ ಬಹುಲೋಕಗಳ ಕಲ್ಪನೆ ಬೆಳೆದದ್ದು ಅದರಿಂದ. ಫಾಕ್ಸ್ ತೀರಿಕೊಂಡದ್ದು 1986ರ ಡಿಸೆಂಬರ್ 24ರಂದು. ನಿಮ್ಮ ಪಟ್ಟಿಯಲ್ಲಿ ಅವರ ಹೆಸರು ನಿಧನರಾದವರ ಸಾಲಿನಲ್ಲಿದ್ದರೆ ಅಲ್ಲಿಂದ ತೆಗೆದು ಸೂಪರ್‌ಮ್ಯಾನ್ ಬೀಳ್ಕೊಡುಗೆಯ ಭಾಗಕ್ಕೆ ತನ್ನಿ. 'ಕ್ರೈಸಿಸ್' ಬಗ್ಗೆ ಹೇಳಬೇಕಾದ ನಾಲ್ಕು ಮಾತುಗಳಿಗೆ ಅಲ್ಲಿಯೇ ಜಾಗ ಸಿಗುತ್ತದೆ.